ಕೆರೆ ಒಣಗಿದ ಏಪ್ರಿಲ್‌ನಲ್ಲಿ ತೂಬಿನ ಕಲ್ಲು ಮೇಲೆದ್ದಿತು

ಏಪ್ರಿಲ್ ಅಂದ್ರೆ ನಮ್ಮ ಕೋಲಾರದ ಕಡೆ ಬೋರ್‌ವೆಲ್ ನೀರಿನ ಬದಲು ಗಾಳಿ ಕಕ್ಕುವ ತಿಂಗಳು. ಮೋಟರ್ ಸುಡುವ ತಿಂಗಳು, ಟ್ಯಾಂಕರ್‌ನವನಿಗೆ ಫೋನ್ ಮೇಲೆ ಫೋನ್ ಮಾಡುವ ತಿಂಗಳು. ಆದರೂ ಹನ್ನೆರಡರಲ್ಲಿ ಯಾವ ತಿಂಗಳು ಇಷ್ಟ ಅಂತ ಯಾರಾದರೂ ಕೇಳಿದರೆ ನಾನು ಏಪ್ರಿಲ್ ಅಂತಲೇ ಹೇಳೋದು. ಮನೆಯವಳು ನಗ್ತಾಳೆ, ಬಿಸಿಲು ತಲೆಗೆ ಹತ್ತಿದೆ ಅಂತಾಳೆ.

ಕಾರಣ ದೊಡ್ಡದೇನಿಲ್ಲ. ಯುಗಾದಿ ಕಳೆದು ಹೊನ್ನಾರು ಹೂಡಿದ ಮೇಲೆ ಒಳ್ಳೆ ಮಳೆ ಬೀಳೋವರೆಗೂ ಕೈಗೆ ಒಂದಿಷ್ಟು ಬಿಡುವು. ಹೊಂಗೆ ಮರ ಆಗತಾನೇ ಹೊಸ ಎಲೆ ಹೊದ್ದಿರುತ್ತೆ. ಮಧ್ಯಾಹ್ನ ಎರಡು ಗಂಟೆಗೆ ಅದರ ಬುಡದಲ್ಲಿ ಗೋಣಿಚೀಲ ಹಾಸಿಕೊಂಡು ಬಿದ್ದುಕೊಂಡರೆ ಯಾವ ಕೂಲರ್ರೂ ಬೇಡ. ಮಜ್ಜಿಗೆ ಹಾಕಿದ ರಾಗಿ ಅಂಬಲಿ, ಜಜ್ಜಿದ ಈರುಳ್ಳಿ. ಗಾಳಿಗೆ ಉದುರಿದ ಮಾವಿನಕಾಯಿಗೆ ಉಪ್ಪು ಖಾರ. ಸಂಜೆ ಬೇವಿನ ಹೂವಿನ ವಾಸನೆ. ಇವೆಲ್ಲ ನಿಮ್ಮ ಹೊಲದಲ್ಲೂ ಇರೋವೇ, ನಾನು ಹೇಳಿ ತಿಳಿಯಬೇಕಾದ್ದಲ್ಲ.

ಇದೆಲ್ಲಕ್ಕಿಂತ ನನಗೆ ಖುಷಿ ಕೊಡೋದು ಒಣಗಿದ ಕೆರೆ. ಹೇಳಿದರೆ ತಪ್ಪು ತಿಳಿಯಬೇಡಿ. ಕೆರೆ ಒಣಗಲಿ ಅಂತ ಬಯಸುವವನಲ್ಲ ನಾನು. ಆದರೆ ಒಣಗಿದಾಗ ಬೆಳಗ್ಗೆ ಆರಕ್ಕೆ ಕೆರೆ ಅಂಗಳದಲ್ಲಿ ನಡೆದು ಹೋಗೋದಿದೆಯಲ್ಲ, ಅದು ಬೇರೆಯೇ. ಬಿರುಕು ಬಿಟ್ಟ ಗೋಡುಮಣ್ಣು ಕಾಲಡಿ ಹೆಂಚಿನ ಹಾಗೆ ಸದ್ದು ಮಾಡುತ್ತೆ. ಬಸವನ ಹುಳುವಿನ ಚಿಪ್ಪು, ಮಡಕೆ ಚೂರು, ಯಾವಳೋ ಕಳೆದುಕೊಂಡ ಕಾಲುಂಗುರ. ಚಿಕ್ಕಂದಿನಿಂದ ಇದೇ ನನ್ನ ಚಟ. ಈ ಏಪ್ರಿಲ್‌ನಲ್ಲಿ ಸಿಕ್ಕಿದ್ದು ಮಾತ್ರ ಜೇಬಿಗೆ ಹಾಕಿಕೊಳ್ಳುವಂಥದ್ದಲ್ಲ.

ನಮ್ಮ ಕೆರೆಯಲ್ಲಿ ಏರಿಯ ಬುಡಕ್ಕೆ ಹತ್ತಿರ ಒಂದು ಒಂಟಿ ಕಲ್ಲಿದೆ. ಊರಿನವರು ನೋಡಿದ್ದೀರಿ. ನನ್ನ ಚಿಕ್ಕಂದಿನಲ್ಲಿ ಎಮ್ಮೆ ತೊಳೆಯುವಾಗ ಅದು ನನ್ನ ಎದೆಮಟ್ಟ ಇತ್ತು. ಈಗ ಮೊಣಕಾಲು ಮಟ್ಟ. ನಾನು ಬೆಳೆದೆ, ಅದಕ್ಕೇ ಹಾಗೆ ಕಾಣುತ್ತೆ ಅಂದುಕೊಂಡಿದ್ದೆ. ಎಂಥಾ ದಡ್ಡ! ನಾನೂ ಬೆಳೆದಿದ್ದೇನೆ ನಿಜ, ಆದರೆ ಕೆರೆಯ ನೆಲವೂ ಬೆಳೆದಿದೆ. ಐವತ್ತು ವರ್ಷದ ಹೂಳು ಆ ಕಲ್ಲನ್ನ ಗೇಣು ಗೇಣಾಗಿ ನುಂಗುತ್ತಾ ಬಂದಿದೆ, ನಾವು ಅದರ ಮೇಲೆ ಬಟ್ಟೆ ಒಗೆಯುತ್ತಾ ಕೂತಿದ್ದೇವೆ.

ಅಶ್ವಿನಿ ಮಳೆ ಹುಟ್ಟೋಕೆ ನಾಲ್ಕು ದಿನ ಮೊದಲು ಹೂಳೆತ್ತುವ ಕೆಲಸ ಶುರುವಾಯಿತು. ಒಂದು ಜೆಸಿಬಿ, ಹತ್ತು ಹನ್ನೆರಡು ಟ್ರ್ಯಾಕ್ಟರ್. ನನ್ನ ಸರದಿಗೆ ಕಾಯುತ್ತಾ ಏರಿ ಮೇಲೆ ಕೂತಿದ್ದೆ. ಒಂಟಿ ಕಲ್ಲಿನ ಪಕ್ಕದಲ್ಲಿ ಬಕೆಟ್ಟು ಟಣ್ ಅಂತು. ಡ್ರೈವರ್ ಹುಡುಗ ಕೂಗಿದ, "ಅಣ್ಣಾ, ಬಂಡೆ ಸಿಕ್ತು, ಒಡೆದು ಎತ್ತಿಬಿಡ್ಲಾ?" ಸ್ವಲ್ಪ ತಡಿಯಪ್ಪಾ ಅಂತ ಇಳಿದು ಹೋಗಿ ನೋಡಿದರೆ, ಬಂಡೆಗೆ ಮೂಲೆ ಇತ್ತು. ಉಳಿ ಬಿದ್ದ ಕಲ್ಲು. ಮೂರು ಜನ ಹುಡುಗರನ್ನ ಕರೆದುಕೊಂಡು ಸಲಿಕೆಯಲ್ಲಿ ಎರಡು ಗಂಟೆ ಬಿಡಿಸಿದೆವು. ಒಂಟಿ ಕಲ್ಲಿಗೆ ಜೋಡಿಯಾದ ಇನ್ನೊಂದು ಕಂಬ ಬೋರಲು ಬಿದ್ದಿತ್ತು. ಅದರ ಕೆಳಗೆ ಅಗಲವಾದ ಚಪ್ಪಡಿ, ಚಪ್ಪಡಿಯ ನಡುವೆ ದುಂಡಗೆ ಕೊರೆದ ತೂತು, ಮುಷ್ಟಿಗಿಂತ ದೊಡ್ಡದು. ಕಬ್ಬಿಣದ ಗೇಟು ಬರೋಕೆ ಮುಂಚಿನ ಹಳೇ ತೂಬು!

ಇದು ಕೆಲಸ ಮಾಡ್ತಿದ್ದ ರೀತಿ ಗೊತ್ತಿಲ್ಲದ ಹುಡುಗರಿಗೋಸ್ಕರ ಹೇಳ್ತೀನಿ. ಕೆರೆಯ ಒಳಗೆ, ಏರಿಯ ಬುಡದಲ್ಲಿ, ಎರಡು ಕಲ್ಲಿನ ಕಂಬ ನಿಲ್ಲಿಸಿರ್ತಾರೆ. ಕಂಬಗಳ ನಡುವೆ ಅಡ್ಡಕ್ಕೆ ಕಲ್ಲಿನ ಪಟ್ಟಿ, ಪಟ್ಟಿಯಲ್ಲಿ ತೂತು. ಆ ತೂತುಗಳ ಮೂಲಕ ಉದ್ದನೆಯ ಮರದ ಕೋಲು ಇಳಿದು ಬರುತ್ತೆ. ಕೋಲಿನ ತುದಿಗೆ ಬುಡ ಸಣ್ಣಗಿರುವ ಬಿರಡೆ. ಬಿರಡೆ ಕೂರುವುದು ತಳದ ಚಪ್ಪಡಿಯ ತೂತಿನಲ್ಲಿ. ಚಪ್ಪಡಿಯ ಕೆಳಗಿಂದ ಏರಿಯನ್ನ ಹಾದು ಆಚೆ ಗದ್ದೆ ಬಯಲಿಗೆ ಕಲ್ಲಿನ ಮೋರಿ. ಕೋಲು ಎತ್ತಿದರೆ ನೀರು, ಒತ್ತಿದರೆ ಬಂದ್. ಎಷ್ಟು ಎತ್ತಬೇಕು ಅನ್ನೋದರಲ್ಲೇ ಎಲ್ಲ ಇರೋದು.

ಇದನ್ನ ಬರೆದಿಟ್ಟ ಒಬ್ಬ ಹೊರಗಿನವನಿದ್ದಾನೆ, ಅವನು ಬರೆದದ್ದೂ ಏಪ್ರಿಲ್ ತಿಂಗಳಲ್ಲೇ. ಫ್ರಾನ್ಸಿಸ್ ಬುಕಾನನ್ ಅಂತ, ಕಂಪನಿ ಸರ್ಕಾರದ ವೈದ್ಯ. ಟಿಪ್ಪು ಸುಲ್ತಾನ್ ಬಿದ್ದ ಮಾರನೇ ವರ್ಷ, 1800ರ ಏಪ್ರಿಲ್ ಕೊನೆಯಲ್ಲಿ, ಈ ಸೀಮೆಯಲ್ಲಿ ಏನೇನು ಬೆಳೀತಾರೆ, ಹೇಗೆ ಬೆಳೀತಾರೆ ನೋಡಿಕೊಂಡು ಬಾ ಅಂತ ಅವನನ್ನ ಮದ್ರಾಸಿನಿಂದ ಕಳಿಸಿದರು. ಹೊರಟ ಆರಂಭದಲ್ಲೇ ಅವನಿಗೆ ಸಿಕ್ಕಿದ್ದು ಚೆಂಬರಂಬಾಕ್ಕಂ ಕೆರೆ. ಇವತ್ತು ಚೆನ್ನೈಗೆ ಕುಡಿಯೋ ನೀರು ಕೊಡುತ್ತಲ್ಲ, ಅದೇ. ಅಲ್ಲಿ ನಿಂತು ತೂಬಿನ ಕಂಬ, ಅಡ್ಡಪಟ್ಟಿ, ಬಿದಿರಿನ ಕೋಲು, ಚಪ್ಪಡಿಯ ತೂತು, ಬಿರಡೆ, ಹೆಚ್ಚಾದ ನೀರು ಹೋಗುವ ಕೋಡಿ, ಎಲ್ಲವನ್ನೂ ಅಳೆದು ನೋಡಿದವನ ಹಾಗೆ ವಿವರಿಸಿದ್ದಾನೆ. ಅವನ ಪ್ರವಾಸದ ಪುಸ್ತಕ 1807ರಲ್ಲಿ ಮೂರು ಸಂಪುಟವಾಗಿ ಬಂತು. 1800ರಲ್ಲೇ ಅವನು ನಮ್ಮ ಕೋಲಾರದ ಮೇಲೂ ಹಾದು ಹೋದ. ಅವನಿಗೆ ನಮ್ಮ ಜನರ ಬಗ್ಗೆ ಇದ್ದ ಅಭಿಪ್ರಾಯಗಳು ಎಲ್ಲವೂ ನನಗೆ ಹಿಡಿಸಲ್ಲ. ಆದರೆ ಕಣ್ಣು ಚೂಪು. ಅವನು ಮದ್ರಾಸಿನ ಹತ್ತಿರ ಕಂಡ ತೂಬೂ ನಮ್ಮೂರ ಮಣ್ಣಿನಿಂದ ಎದ್ದ ತೂಬೂ ಒಂದೇ ಅಚ್ಚು. ಕಲ್ಲು ಕೆಲಸದವರು ಊರಿಂದೂರಿಗೆ ಕೊಂಡೊಯ್ದ ವಿದ್ಯೆ ಇರಬೇಕು, ಅದಕ್ಕೆ ತಮಿಳು ಕನ್ನಡ ತೆಲುಗು ಅಂತ ಗಡಿ ಇರಲಿಲ್ಲ.

ನಮ್ಮ ತೂಬು ಎಷ್ಟು ಹಳೆಯದು ಅಂತ ಎಲ್ಲರೂ ಕೇಳಿದರು. ಕಲ್ಲಿನ ಮೇಲೆ ಅಕ್ಷರ ಇಲ್ಲ. ಸೂರ್ಯ ಚಂದ್ರ ಇಲ್ಲ, ಗಜಲಕ್ಷ್ಮಿಯೂ ಇಲ್ಲ. ಬಡ ಊರಿನ ತೂಬು. ಹಾಗಾಗಿ ಕಾಲ ಹೇಳೋಕೆ ಹೋಗಲ್ಲ.

ಅಕ್ಷರ ಇರುವ ಕಲ್ಲುಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಬಿ.ಎಲ್. ರೈಸ್ ಅವರು ಊರೂರಿನ ಶಾಸನ ಓದಿಸಿ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟವನ್ನ ಪೂರ್ತಿ ಕೋಲಾರ ಜಿಲ್ಲೆಗೇ ಮೀಸಲಿಟ್ಟರು. 1905ರಲ್ಲಿ ಅಚ್ಚಾದದ್ದು. ನಮ್ಮ ಕಡೆಯ ಹಳೇ ಶಾಸನಗಳನ್ನ ಓದಿದರೆ ಮತ್ತೆ ಮತ್ತೆ ಎದುರಾಗುವ ಒಂದು ಮಾತು 'ಬಿತ್ತುವಟ್ಟ'. ಕೆರೆ ಕಟ್ಟಿಸಿದವನಿಗೋ ಕೆರೆಯನ್ನ ನೋಡಿಕೊಳ್ಳೋದಕ್ಕೋ ಆ ಕೆರೆಯ ಕೆಳಗಿನ ಗದ್ದೆಯಲ್ಲಿ, ಬೆಳೆಯಲ್ಲಿ ಬಿಟ್ಟ ಪಾಲು ಅದು. ಕೆರೆಯ ಖರ್ಚು ಕೆರೆಯಿಂದಲೇ ಹುಟ್ಟಬೇಕು ಅನ್ನೋದು ಲೆಕ್ಕ. ಆಮೇಲಿನ ಕಾಲದಲ್ಲಿ ಅದೇ 'ಕಟ್ಟುಕೊಡಗೆ' ಆಯಿತು. ಕೆಲವು ಊರುಗಳಲ್ಲಿ ಹೂಳು ಹೊರುವ ಬಂಡಿಗೆ, ಬಂಡಿ ಎಳೆಯುವ ಕೋಣಕ್ಕೆ ಅಂತಲೇ ದತ್ತಿ ಬಿಟ್ಟಿದ್ದಾರೆ. ಯೋಚನೆ ಮಾಡಿ, ಕೋಣದ ಮೇವಿಗೆ ಕಲ್ಲಿನಲ್ಲಿ ಬಜೆಟ್! ದತ್ತಿ ಶಾಸನದ ಕೊನೆಗೆ ಶಾಪ ಇದ್ದೇ ಇರುತ್ತೆ. ಇದನ್ನ ಅಳಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕಪಿಲೆ ಹಸು ಕೊಂದ ಪಾಪ ಬರಲಿ ಅಂತ. ಆ ಲೆಕ್ಕದಲ್ಲಿ ನೋಡಿದರೆ ಈಗ ನಮ್ಮ ತಾಲ್ಲೂಕಿನಲ್ಲಿ ಪಾಪ ಹಂಚಿಕೊಳ್ಳೋಕೆ ಹಸುಗಳೇ ಸಾಲಲ್ಲ.

ಬೇತಮಂಗಲದ ಕೆರೆ ಎಲ್ಲರಿಗೂ ಗೊತ್ತು. ಅದರ ಹಳೇ ಹೆಸರು ವಿಜಯಾದಿತ್ಯಮಂಗಲ, ಬಾಣ ಅರಸರ ಕಾಲದ್ದು. ಒಡೆದುಹೋಗಿದ್ದ ಆ ಕೆರೆಯನ್ನ ಹತ್ತನೇ ಶತಮಾನದಲ್ಲಿ ನೊಳಂಬರು ಮತ್ತೆ ಕಟ್ಟಿಸಿದರು. ಅಂದರೆ ಸಾವಿರ ವರ್ಷದ ಹಿಂದೆಯೇ ಅದು ಹಳೇ ಕೆರೆ, ರಿಪೇರಿಗೆ ಬಂದಿದ್ದ ಕೆರೆ. ಮತ್ತೆ 1903ರ ಮಳೆಗೆ ಪಾಲಾರ್ ಸಾಲಿನ ಕೆರೆಗಳು ಒಡೆದಾಗ ಅದೂ ಹೋಯಿತು, ಆ ನೀರು ಕೆಳಗಡೆ ವಾಣಿಯಂಬಾಡಿಯನ್ನ ಮುಳುಗಿಸಿತು. ಮತ್ತೆ ಕಟ್ಟಿದರು. ಕೆರೆ ಅನ್ನೋದು ಒಂದು ಸಲ ಕಟ್ಟಿ ಮುಗಿಸುವ ಕೆಲಸ ಅಂತ ನಾನು ಬಹಳ ದಿನ ನಂಬಿದ್ದೆ. ಈ ಕೆರೆಯ ಕಥೆ ಓದಿದ ಮೇಲೆ ಆ ನಂಬಿಕೆ ಬಿಟ್ಟೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನಮ್ಮ ಪಕ್ಕದ ಸೀಮೆಯ ಇನ್ನೊಂದು ಶಾಸನ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿದೆ, 1369ರದ್ದು. ವಿಜಯನಗರದ ಒಂದನೇ ಬುಕ್ಕನ ಮಗ ಭಾಸ್ಕರ, ಭವದೂರ ಅಂತಲೂ ಕರೀತಿದ್ರು, ಕಟ್ಟಿಸಿದ ಕೆರೆ. ದಿನಕ್ಕೆ ಸಾವಿರ ಆಳು ಏರಿಯ ಕೆಲಸಕ್ಕೆ, ಕಲ್ಲು ಸಾಗಿಸೋಕೆ ನೂರು ಬಂಡಿ, ಎರಡು ವರ್ಷ. ಆ ಶಾಸನದಲ್ಲಿ ಒಳ್ಳೆ ಕೆರೆಗೆ ಬೇಕಾದ ಹನ್ನೆರಡು ಅಂಗ, ಕೆರೆಗೆ ಬರಬಾರದ ಆರು ದೋಷ ಬರೆದಿದ್ದಾರೆ. ಗಟ್ಟಿ ಮಣ್ಣಿರಬೇಕು, ಹತ್ತಿರದಲ್ಲಿ ಉದ್ದನೆಯ ಕಲ್ಲು ಸಿಗುವ ಗಣಿ ಇರಬೇಕು, ನೀರಿನ ವಿದ್ಯೆ ಬಲ್ಲವನಿರಬೇಕು, ಕಟ್ಟುವ ಕೆಲಸ ಗೊತ್ತಿರುವ ಆಳುಗಳಿರಬೇಕು. ದೋಷಗಳಲ್ಲಿ ಏರಿಯಿಂದ ನೀರು ಜಿನುಗೋದು ಒಂದು, ಚೌಳು ಮಣ್ಣು ಒಂದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟೋದು ಒಂದು. ಈ ಗಡಿ ಮಾತು ಓದಿ ನಗು ಬಂತು. ಯಾಕಂದ್ರೆ 1892ರಲ್ಲಿ ಮೈಸೂರಿಗೂ ಮದ್ರಾಸಿಗೂ ಆದ ಒಪ್ಪಂದದ ಪ್ರಕಾರ ಪಾಲಾರ್ ಥರದ ಗಡಿ ದಾಟುವ ನದಿಗಳಿಗೆ ಮದ್ರಾಸನ್ನ ಕೇಳದೆ ಮೈಸೂರು ಹೊಸ ಕೆರೆ ಕಟ್ಟೋ ಹಾಗಿರಲಿಲ್ಲ. ಐನೂರು ವರ್ಷ ಮೊದಲೇ ಎಚ್ಚರಿಸಿದ್ದರು.

ಉಳಿದ ದೋಷಗಳಲ್ಲಿ ಒಂದನ್ನ ಓದುವಾಗ ನಗು ನಿಂತಿತು. ಕೆರೆ ಅಂಗಳದ ನಡುವೆ ಉಬ್ಬು ಇರಬಾರದು ಅಂತ. ಆ ಉಬ್ಬಿಗೆ ಶಾಸನ ಕೊಟ್ಟಿರುವ ಹೆಸರು ಕೂರ್ಮ, ಅಂದರೆ ಆಮೆ ಬೆನ್ನು.

ಈಗ ನಮ್ಮ ಕೆರೆಗೆ ಹೋಗಿ ಏರಿ ಮೇಲೆ ನಿಂತು ನೋಡಿ. ಒಂದಲ್ಲ, ಏಳು ಆಮೆ. ಟ್ರ್ಯಾಕ್ಟರ್ ಸುಲಭವಾಗಿ ಇಳಿಯುವ ಕಡೆ ಬಗೆದಿದ್ದೇವೆ, ಮಣ್ಣು ಕಪ್ಪಗೆ ಇರುವ ಕಡೆ ಬಗೆದಿದ್ದೇವೆ, ನಡುವಿನದ್ದು ಹಾಗೇ ಬಿಟ್ಟಿದ್ದೇವೆ. ಗುಂಡಿಗಳು ತೂಬಿನ ಚಪ್ಪಡಿಗಿಂತ ಎರಡು ಆಳು ಕೆಳಗೆ ಹೋಗಿವೆ. ಗುಂಡಿ ತುಂಬದೆ ನೀರು ತೂಬಿಗೆ ಏರಲ್ಲ. ಹೊಲಕ್ಕೆ ಹೋಗೋ ಗೋಡು ಮುಗಿದ ಮೇಲೆ ಸೈಟು ತುಂಬೋಕೆ, ಇಟ್ಟಿಗೆ ಗೂಡಿಗೆ ಹೋಗಿದ್ದು ತಳದ ಜೇಡಿ. ಅದನ್ನ ತೆಗೆದ ಕಡೆ ಕೆಳಗೆ ಮರಳು ಕಾಣ್ತಿದೆ.

ಬೇರೆಯವರ ಮೇಲೆ ಹೇಳಿ ಪ್ರಯೋಜನ ಇಲ್ಲ. ಹೋದ ವರ್ಷ ಏರಿಯ ಬುಡದಿಂದಲೇ ನಲವತ್ತು ಲೋಡು ಹೊಡೆಸಿದವನು ನಾನು. ಹೊಲಕ್ಕೆ ಹತ್ತಿರ, ಡೀಸೆಲ್ ಉಳಿಯುತ್ತೆ ಅಂತ. ನನ್ನ ಕೆಂಪು ಮರಳು ಹೊಲಕ್ಕೆ ಗೋಡು ಬಿದ್ದ ಮೇಲೆ ರಾಗಿ ಎಂಟು ದಿನ ಜಾಸ್ತಿ ಬಾಡದೆ ತಡೀತು, ಅದು ಸುಳ್ಳಲ್ಲ. ಆದರೆ ಕಾರ್ತಿಕದಲ್ಲಿ ಅಷ್ಟಿಷ್ಟು ನೀರು ನಿಂತಾಗ ಏರಿಯ ಆಚೆ ಬದಿ ನಾನು ಬಗೆದ ನೇರಕ್ಕೇ ತೇವ ಆಡಿತ್ತು. ಜಿನುಗೋದು, ಶಾಸನದ ಆರು ದೋಷದಲ್ಲಿ ಒಂದು. ಅವತ್ತು ಯಾರಿಗೂ ಹೇಳಲಿಲ್ಲ, ಈಗ ಹೇಳ್ತಿದ್ದೀನಿ.

ಬೋರಲು ಬಿದ್ದಿದ್ದ ಕಂಬಕ್ಕೆ ಬರ್ತೀನಿ. ಜೆಸಿಬಿಗೆ ಹಗ್ಗ ಕಟ್ಟಿ ಅದನ್ನ ಮಗುಚಿದಾಗ ಇನ್ನೊಂದು ಬದಿಯಲ್ಲಿ ಅಡ್ಡಕ್ಕೆ ಗೆರೆಗಳು. ಏಳು. ಮೊಳಕ್ಕೊಂದರಂತೆ ಉಳಿಯಲ್ಲಿ ಹೊಡೆದದ್ದು, ಮಣ್ಣಿನಲ್ಲಿ ಮುಖ ಮುಚ್ಚಿಕೊಂಡು ಬಿದ್ದಿದ್ದರಿಂದ ನಿನ್ನೆ ಹೊಡೆದ ಹಾಗಿವೆ. ಕೆಳಗಿನಿಂದ ಮೂರನೆಯದು ಮಾತ್ರ ಆಳ, ಎರಡು ಬೆರಳು ಇಳಿಯುತ್ತೆ. ಯಾರಿಗೂ ಏನು ಅಂತ ತಿಳಿಯಲಿಲ್ಲ. ಒಬ್ಬರು ನಿಧಿ ಗುರುತು ಅಂದರು. ಅದಕ್ಕೆ ಮರುದಿನ ರಾತ್ರಿ ಯಾರೋ ಬಂದು ಚಪ್ಪಡಿ ಪಕ್ಕ ಅಗೆದು ನೋಡಿದ್ದೂ ಆಯಿತು. ಸಿಕ್ಕಿದ್ದು ಏಡಿ ಇರಬೇಕು.

ಊರಾಚೆ ಕಾಲೋನಿಯಲ್ಲಿ ನೀರುಗಂಟಿ ಮನೆತನದ ತಾತ ಒಬ್ಬರಿದ್ದಾರೆ, ಎಂಬತ್ತು ದಾಟಿದೆ. ಬೈಕಿನಲ್ಲಿ ಕೂರಿಸಿಕೊಂಡು ಬಂದೆ. ಏರಿ ಇಳಿದು ಕಂಬದ ಹತ್ತಿರ ಬಂದವರು ಮಾತಾಡಲಿಲ್ಲ, ಕೂತು ಕೈಯಲ್ಲಿ ಗೆರೆಗಳನ್ನ ಸವರಿದರು. ಆಮೇಲೆ, "ನಮ್ಮಪ್ಪನ ಪುಸ್ತಕ ಕಣಪ್ಪಾ ಇದು" ಅಂದರು.

ಓದಿ ಹೇಳಿದರು. ಐದನೇ ಗೆರೆಗಿಂತ ಮೇಲೆ ನೀರಿದ್ದರೆ ದೀಪಾವಳಿ ಆದ ಮೇಲೆ ಇಡೀ ಅಚ್ಚುಕಟ್ಟಿಗೆ ವೈಶಾಖದ ಭತ್ತ, ಯಾರನ್ನೂ ಕೇಳೋದು ಬೇಡ. ನಾಲ್ಕಕ್ಕೆ ಬಂದರೆ ಊರು ಸೇರಬೇಕು. ಆಗ ದಾಮಾಷಾ. ಎಲ್ಲರ ಗದ್ದೆಗೂ ನೀರಿಲ್ಲ, ಹಾಗಂತ ತೂಬಿನ ಪಕ್ಕದವನಿಗೆ ಮಾತ್ರ ಅಂತಲೂ ಇಲ್ಲ. ತೂಬಿಗೆ ಹತ್ತಿರದ ಅರ್ಧ ಬಯಲನ್ನ ಎಲ್ಲರೂ ಅವರವರ ಹಿಡುವಳಿಯ ಪ್ರಮಾಣದಲ್ಲಿ ಹಂಚಿಕೊಂಡು ಆ ಒಂದು ಫಸಲು ಮಾಡಬೇಕು, ಗದ್ದೆ ಯಾರ ಹೆಸರಲ್ಲೇ ಇರಲಿ. ಮೂರನೇ ಗೆರೆ, ಆ ಆಳದ್ದು, ಮುಟ್ಟಿದ ದಿನ ಬಿರಡೆ ಒತ್ತಿ ಕೋಲು ಕಟ್ಟಿಬಿಡಬೇಕು. ಅಲ್ಲಿಂದ ಕೆಳಗಿನ ನೀರು ದನಕ್ಕೆ, ಅಗಸರಿಗೆ, ಬಾವಿಗಳ ಒರತೆಗೆ. ಪೈರು ಒಣಗಿದರೂ ಸರಿ, ಗೌಡನೇ ಬಂದು ನಿಂತರೂ ಸರಿ, ಎತ್ತೋ ಹಾಗಿಲ್ಲ.

"ಗೌಡ್ರು ಬಂದು ನಿಂತಿದ್ದುಂಟಾ ತಾತಾ?" ಅಂದೆ.

"ನಿಮ್ ತಾತನೇ ಬಂದು ನಿಂತಿದ್ರಲ್ಲಪ್ಪಾ."

ಸುತ್ತ ಇದ್ದವರೆಲ್ಲ ನಕ್ಕರು, ನಾನೂ ನಕ್ಕೆ. ತಾತ ನಗಲಿಲ್ಲ. ಅವರಪ್ಪ ಎತ್ತಲಿಲ್ಲವಂತೆ. ಕಂಬ ತೋರಿಸಿ, ಗೆರೆ ನೋಡಿ ಸ್ವಾಮಿ ಅಂದರಂತೆ. ಆ ವರ್ಷ ಸುಗ್ಗಿಯಲ್ಲಿ ನಮ್ಮ ಕಣದಿಂದ ಅವರಿಗೆ ಬರಬೇಕಾದ ಆಯ ಬರಲಿಲ್ಲ.

ನನಗೆ ನಮ್ಮ ತಾತ ಅಂದ್ರೆ ಹೆಗಲ ಮೇಲೆ ಹೊತ್ತು ಜಾತ್ರೆ ತೋರಿಸಿದವರು. ಈ ಕಥೆ ಅಪ್ಪ ಹೇಳಿರಲಿಲ್ಲ.

ನೀರುಗಂಟಿ ಅಂದ್ರೆ ಊರಿನ ಹನ್ನೆರಡು ಆಯಗಾರರಲ್ಲಿ ಒಬ್ಬ. ಶ್ಯಾನುಭೋಗ, ಪಟೇಲ, ಕಮ್ಮಾರ, ಬಡಗಿ, ಅಗಸ, ಇವರ ಸಾಲಿನಲ್ಲಿ ಇವನದ್ದೂ ಹೆಸರು. ಸಂಬಳ ಇಲ್ಲ, ಕಣದಲ್ಲಿ ಪ್ರತಿ ರೈತನಿಂದ ಇಷ್ಟು ಕಾಳು, ಅಲ್ಲಲ್ಲಿ ಒಂದು ತುಂಡು ಇನಾಮು ಜಮೀನು. ತೂಬು ಎತ್ತೋದು, ಕಾಲುವೆ ಬಿಡಿಸೋದು, ಮಳೆಗಾಲದಲ್ಲಿ ರಾತ್ರಿ ಏರಿ ಮೇಲೆ ಕಾವಲು, ಕೋಡಿ ಬಿದ್ದರೆ ಊರಿಗೆ ಸುದ್ದಿ. ಮಕ್ಕಳಿಗೆ ಈಜು ಬರದಿದ್ದರೆ ಈ ಕೆಲಸ ಇಲ್ಲ. ನಮ್ಮ ಜಿಲ್ಲೆಯಲ್ಲಿ ಹೆಚ್ಚಿನ ಕಡೆ ಇದನ್ನ ಮಾಡಿದವರು ದಲಿತರು. ತಾತ ಹೇಳಿದ ಒಂದು ಮಾತು ಇನ್ನೂ ಕಿವಿಯಲ್ಲಿದೆ: "ಇಡೀ ಬಯಲಿಗೆ ನೀರು ಬಿಡೋ ಕೈ ನಮ್ದು. ಊರ ಬಾವಿ ಹಗ್ಗ ಮಾತ್ರ ಮುಟ್ಟೋ ಹಂಗಿರ್ಲಿಲ್ಲ."

ಹಾಗಾಗಿ ಹಳೇ ಕಾಲದ ಕೆರೆ ವ್ಯವಸ್ಥೆ ಎಂಥಾ ಚೆಂದ ಅಂತ ಭಾಷಣ ಮಾಡೋರನ್ನ ಕಂಡರೆ ನನಗೆ ಈಗ ಸ್ವಲ್ಪ ಹಿಂಜರಿಕೆ. ಮೊದಲು ನಾನೂ ಮಾಡ್ತಿದ್ದೆ. 1866ರಲ್ಲಿ ಮೈಸೂರಿನ ಚೀಫ್ ಇಂಜಿನಿಯರ್ ಸ್ಯಾಂಕಿ, ಬೆಂಗಳೂರಿನ ಸ್ಯಾಂಕಿ ಕೆರೆ ಇದೆಯಲ್ಲ ಅದೇ ಸ್ಯಾಂಕಿ, ಈ ಸೀಮೆಯ ಸುಮಾರು ಶೇಕಡ 60ರಷ್ಟು ನೆಲ ಜನರ ದುಡಿಮೆಯಿಂದ ಕೆರೆ ವ್ಯವಸ್ಥೆಯ ಕೆಳಗೆ ಬಂದಿದೆ, ಹೊಸ ಕೆರೆಗೆ ಜಾಗ ಹುಡುಕೋದೇ ಕಷ್ಟ, ಕಟ್ಟಿದರೂ ಅದು ಕೆಳಗಿನ ಇನ್ನೊಂದು ಕೆರೆಯ ನೀರು ಕಿತ್ತುಕೊಂಡ ಹಾಗೇ ಅನ್ನೋ ಅರ್ಥದಲ್ಲಿ ಬರೆದ. ಈ ಮಾತನ್ನ ನಾನೇ ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದೀನಿ. 'ಜನರ ದುಡಿಮೆ' ಅನ್ನೋ ಕಡೆ ಯಾವ ಜನ ಅಂತ ಕೇಳಿಕೊಂಡಿರಲಿಲ್ಲ ಅಷ್ಟೇ.

ಹಾಗಂತ ಅದು ಹೋದದ್ದಕ್ಕೆ ಸುಮ್ಮನೆ ಸಂತೋಷ ಪಡೋಕೂ ಆಗಲ್ಲ. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಆಯಿತು, 1963ರಲ್ಲಿ ಜಾರಿಗೆ ಬಂತು. ಪಟೇಲ ಶ್ಯಾನುಭೋಗರ ವಂಶಪಾರಂಪರ್ಯದ ಜೊತೆ ನೀರುಗಂಟಿಕೆಯೂ ಹೋಯಿತು. ಹೋಗಬೇಕಾದ್ದೇ. ಹುಟ್ಟಿದ ಮನೆ ನೋಡಿ ಕೆಲಸ ಹಂಚೋದು ಯಾರಿಗೆ ಬೇಕು? ಪಟೇಲ ಶ್ಯಾನುಭೋಗರ ಕೆಲಸಕ್ಕೆ ವಿಲೇಜ್ ಅಕೌಂಟೆಂಟ್ ಬಂದರು. ನಮ್ಮೂರಲ್ಲಿ ನೀರುಗಂಟಿ ಕೆಲಸಕ್ಕೆ ಯಾರೂ ಬರಲಿಲ್ಲ. ಕೆಲವು ವರ್ಷ ಅಭ್ಯಾಸಬಲಕ್ಕೆ ತಾತನನ್ನೇ ಕರೆಯುತ್ತಿದ್ದರಂತೆ, ಕಾಳು ಕೊಡೋದು ಮಾತ್ರ ಮರೀತಿದ್ದರು. ಒಂದು ದಿನ ಅವರೇ ಬರಲ್ಲ ಅಂದರು. ಆಮೇಲೆ ಏರಿಯ ಇನ್ನೊಂದು ತುದಿಗೆ ತಿರುಪಿನ ಗೇಟು ಬಂತು, ಅದರ ಹಿಡಿ ಬಲ ಇದ್ದವರ ಮನೆ ಸೇರಿತು. ಗೇಟಿಗೆ ಗೆರೆ ಇರಲಿಲ್ಲ. ಎಂಬತ್ತರ ದಶಕದಲ್ಲಿ ಬೋರ್‌ವೆಲ್ ಬಂದವು, ಮೇಲ್ಗಡೆ ಗೋಮಾಳದಲ್ಲಿ ನೀಲಗಿರಿ ಬಂತು, ರಾಜಕಾಲುವೆ ಮೇಲೆ ಬದು ಬಂತು. ಗೇಟಿನ ಹಿಡಿಯನ್ನೂ ಯಾರೂ ಕೇಳೋರಿಲ್ಲದೆ ಹೋಯಿತು. ಕೋಲಾರದ ಎಷ್ಟೋ ಕೆರೆಗೆ 2018ರಿಂದ ಕೆ.ಸಿ. ವ್ಯಾಲಿ ನೀರು ಬಂದಿದೆ, ನಮ್ಮ ಸಾಲಿಗೆ ಬಂದಿಲ್ಲ. ಅದರ ವಾದ ಇಲ್ಲಿ ಬೇಡ, ಇನ್ನೊಂದು ದಿನ ಬರೀತೀನಿ.

ಕಲ್ಲುಗಳನ್ನ ಏನು ಮಾಡೋದು ಅನ್ನೋದಕ್ಕೆ ಹೋದ ಸೋಮವಾರ ಅರಳಿಕಟ್ಟೆಯಲ್ಲಿ ಸೇರಿದ್ದೆವು. ಮಣ್ಣಿನ ಕೆಲಸ ಹಿಡಿದವರು, ಚಪ್ಪಡಿ ಎತ್ತಿಸಿದರೆ ಇನ್ನೂ ಆಳಕ್ಕೆ ಹೋಗಬಹುದು, ಕಂಬಗಳನ್ನ ದೇವಸ್ಥಾನದ ಮುಂದೆ ನಿಲ್ಲಿಸಿಕೊಡ್ತೀವಿ, ಚೆನ್ನಾಗಿ ಕಾಣುತ್ತೆ ಅಂದರು. ಅರ್ಧ ಊರು ಒಪ್ಪಿತ್ತು. ಪುಕ್ಕಟೆ ಗೋಡು ಸಿಗೋವಾಗ ಯಾರು ಬೇಡ ಅಂತಾರೆ? ನನ್ನ ನಲವತ್ತು ಲೋಡಿನ ವಿಷಯ ಅಲ್ಲೇ ಹೇಳಿದೆ. ಏರಿಯ ಆಚೆ ಬದಿ ತೇವ ಕಂಡವರು ಇನ್ನಿಬ್ಬರು ಬಾಯಿ ಬಿಟ್ಟರು. ಗಲಾಟೆ ಆಯಿತು. ಹನ್ನೊಂದು ಗಂಟೆ ರಾತ್ರಿಗೆ ಒಂದು ಮಾತಿಗೆ ಬಂದಿದ್ದೇವೆ. ಏರಿಯಿಂದ ನೂರು ಅಡಿ ಒಳಗೆ ಇನ್ನು ಯಾರೂ ಬಗೆಯೋ ಹಾಗಿಲ್ಲ, ನಾನು ಬಗೆದ ಜಾಗಕ್ಕೆ ನನ್ನ ಖರ್ಚಿನಲ್ಲಿ ಜೇಡಿ ಹಾಕಿ ದಮ್ಮಸು ಮಾಡಿಸಬೇಕು, ಆಮೆಗಳನ್ನ ಕೆತ್ತಿ ಆ ಮಣ್ಣನ್ನೇ ಗುಂಡಿಗಳಿಗೆ ತಳ್ಳಬೇಕು. ಕಂಬ ಎಲ್ಲಿತ್ತೋ ಅಲ್ಲೇ ನಿಲ್ಲಬೇಕು.

ಕಂಬದ ಪಕ್ಕ ಒಂದು ಕಲ್ಲಿನಲ್ಲಿ ತಾತನ ಅಪ್ಪನ ಹೆಸರು ಕೆತ್ತಿಸೋಣ ಅಂತ ನಾನೂ ಒಂದಿಬ್ಬರು ಹುಡುಗರೂ ಹೇಳಿದೆವು. ಮರುದಿನ ತಾತನ್ನ ಕೇಳೋಕೆ ಹೋದರೆ ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. "ಹೆಸರು ಆಮೇಲೆ ನೋಡೋಣ. ಮೊದ್ಲು ಕಂಬ ಸರಿಯಾಗಿ ಇಳಿಸಿ. ಚಪ್ಪಡೀಲಿ ಕುಳಿ ಇದೆ, ಅದ್ರಲ್ಲಿ ತಳಕ್ಕೆ ಕೂರ್ಬೇಕು. ಒಂದು ಗೇಣು ಮೇಲೆ ನಿಂತ್ರೂ ಗೆರೆ ಸುಳ್ಳು ಹೇಳುತ್ತೆ" ಅಂದರು.

ಕುಳಿಯಲ್ಲಿ ಕಲ್ಲಿನ ಹಾಗೆ ಗಟ್ಟಿಯಾದ ಮಣ್ಣಿದೆ. ನಿನ್ನೆ ಸಂಜೆ ನೀರು ಹಾಕಿ ನೆನೆಸಿ ಬಂದೆವು. ಅಶ್ವಿನಿ ಮಳೆ ಈ ಸಲ ನಾಲ್ಕು ಹನಿ ಉದುರಿಸಿ ಹೋಯಿತು, ಮಣ್ಣು ವಾಸನೆಗೇ ಅರ್ಧ ಊರು ಹೊರಗೆ ಬಂದು ನಿಂತಿತ್ತು. ಭರಣಿ 27ಕ್ಕೆ ಹುಟ್ಟುತ್ತೆ, ಅದು ಹಿಡಿದರೆ ಕೆಲಸ ಮುಂದಿನ ವರ್ಷಕ್ಕೇ. ಹಾಗಾಗಿ ಈ ಭಾನುವಾರ ಬೆಳಗ್ಗೆ ಆರೂವರೆಗೆ ಏರಿ ಹತ್ತಿರ ಸೇರ್ತಿದ್ದೇವೆ. ಪಕ್ಕದ ಊರುಗಳವರೂ ಬನ್ನಿ, ನಿಮ್ಮ ಕೆರೆಯಲ್ಲೂ ಒಂದು ಒಂಟಿ ಕಲ್ಲಿರಬಹುದು. ಹಾರೆ, ದಪ್ಪ ಹಗ್ಗ ಇರೋರು ತನ್ನಿ. ಚೈನ್ ಪುಲ್ಲಿ ಯಾರ ಹತ್ತಿರ ಇದೆ ಅಂತ ತಿಳಿಸಿ. ತಾತನ್ನ ಕರೆದುಕೊಂಡು ಬರೋ ಜವಾಬ್ದಾರಿ ನನ್ನದು. ಅಂಬಲಿ ನಮ್ಮ ಮನೆಯಿಂದ, ಏರಿ ಮೇಲಿನ ಹೊಂಗೆ ಕೆಳಗೆ, ಎಲ್ಲರೂ ಒಟ್ಟಿಗೆ ಕೂತು.